ಪೆಡಲ್ ಸ್ಟೀಲ್ ಗಿಟಾರೂ ಡಿಜಿಟಲ್ ಆಂಪ್ ಮಾಡೆಲರೂ

ಸಂಗೀತಪ್ರಿಯರಾದ ನಮ್ಮ ವಾಚಕರಿಗೆ ಗೋಟುವಾದ್ಯವು ಅಪರಿಚಿತವಲ್ಲ. ಮೆಟ್ಟುಗಳಿಲ್ಲದ ಆ ವೀಣೆಯ ತಂತಿಗಳ ಮೇಲೆ ನಯವಾದ ತುಂಡೊಂದನ್ನು ಜಾರಿಸಿ ಸ್ವರ ಹೊರಡಿಸುವರು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಣ ದಾರಿಯೆಲ್ಲವೂ ಕಿವಿಗೆ ಕೇಳಿಸುವುದೇ ಅದರ ಸೊಗಸು. ಇದೇ ಜಾತಿಯ, ಆದರೆ ಬೇರೆ ನೆಲದಲ್ಲಿ ಹುಟ್ಟಿ ಬೇರೆ ರೀತಿಯಲ್ಲಿ ಬೆಳೆದ ವಾದ್ಯವೊಂದು ಅಮೇರಿಕದಲ್ಲುಂಟು. ಅದೇ ಪೆಡಲ್ ಸ್ಟೀಲ್ ಗಿಟಾರು. ಅದನ್ನು ನುಡಿಸುವವರಲ್ಲಿ ಈಚೆಗೆ ಒಂದು ವಾದ ನಡೆದಿದೆ. ಹಳೆಯ ಭಾರವಾದ ಧ್ವನಿವರ್ಧಕವನ್ನು ಮನೆಯಲ್ಲಿಯೇ ಬಿಟ್ಟು, ಶಾಲೆಯ ಸ್ಲೇಟಿನಷ್ಟು ಅಗಲದ ಒಂದು ಡಿಜಿಟಲ್ ಯಂತ್ರವನ್ನು ಒಯ್ದರೆ ವಾದ್ಯದ ಜೀವ ಉಳಿಯುವುದೋ ಇಲ್ಲವೋ ಎಂಬುದೇ ಆ ವಾದ. ಭೌತಶಾಸ್ತ್ರದ ಪದವಿ ನಮಗಿಲ್ಲ. ಆದರೂ ನಾದದ ಗುಣ ಹೇಗೆ ಹುಟ್ಟುವುದೆಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆತಿಲ್ಲ.

ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸರಳನ್ನು ಜಾರಿಸಿ ನುಡಿಸುವ ಪದ್ಧತಿ ೧೯ನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಹುಟ್ಟಿತು. ೧೯೩೨ರಲ್ಲಿ ರಿಕನ್‌ಬ್ಯಾಕರ್ ವಿದ್ಯುತ್ ಗಿಟಾರು ಮಾರಾಟಕ್ಕೆ ಬಂದಾಗ ಅದೂ ಈ ಬಗೆಯದೇ ಆಗಿತ್ತು. ಮುಂದೆ ಅದಕ್ಕೆ ಕಾಲುಗಳೂ ಪೆಡಲುಗಳೂ ಬಂದವು. ಮೊದಮೊದಲು ಪೆಡಲುಗಳ ಕೆಲಸ ಶ್ರುತಿ ಬದಲಾಯಿಸುವುದಷ್ಟೇ. ಸ್ವರವು ಮೊಳಗುತ್ತಿರುವಾಗಲೇ ಪೆಡಲನ್ನೊತ್ತಿ, ಒಂದು ತಂತಿ ಸ್ಥಿರವಾಗಿರಲು ಇನ್ನೊಂದನ್ನು ಏರಿಸುವ ಚಮತ್ಕಾರವನ್ನು ಬಡ್ ಐಸಾಕ್ಸ್ ಎಂಬ ವಾದಕನು ವೆಬ್ ಪಿಯರ್ಸನ ‘ಸ್ಲೋಲಿ’ ಎಂಬ ಹಾಡಿನಲ್ಲಿ ತೋರಿದನು. ೧೯೫೪ರಲ್ಲಿ ಆ ಹಾಡು ಮನೆಮಾತಾದ ಮೇಲೆ ನ್ಯಾಷ್‌ವಿಲ್ ನಗರದ ವಾದಕರೆಲ್ಲ ತಮ್ಮ ವಾದ್ಯಗಳಿಗೆ ಪೆಡಲು ಹಾಕಿಸತೊಡಗಿದರು. ಇಂದಿನ ವಾದ್ಯದಲ್ಲಿ ಸಾಮಾನ್ಯವಾಗಿ ಹತ್ತು ತಂತಿಗಳು. ಎಡಗಾಲಿಗೆ ಮೂರು ಪೆಡಲು, ಮೊಣಕಾಲುಗಳಿಗೆ ನಾಲ್ಕೈದು ಸನ್ನೆಗಳು, ಬಲಗಾಲಿಗೆ ಧ್ವನಿಯನ್ನು ಏರಿಳಿಸುವ ವಾಲ್ಯೂಮ್ ಪೆಡಲು. ಕೈಕಾಲುಗಳೆರಡಕ್ಕೂ ಬಿಡುವಿಲ್ಲ!

ಇಷ್ಟಾದರೂ ವಾದ್ಯವು ತಾನಾಗಿ ಮೂಕ. ಅದರ ದನಿಯ ಅರ್ಧ ಪಾಲು ಧ್ವನಿವರ್ಧಕದಲ್ಲಿದೆ. ೧೯೬೩ರಲ್ಲಿ ಬಂದ ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಎಂಬ ೮೫ ವಾಟಿನ ವಾಲ್ವ್ ಯಂತ್ರವೂ, ೧೯೭೦ರ ದಶಕದ ಪೀವಿ ಸೆಷನ್ ೪೦೦ ಎಂಬ ೧೫ ಅಂಗುಲದ ಸ್ಪೀಕರುಳ್ಳ ಟ್ರಾನ್ಸಿಸ್ಟರ್ ಯಂತ್ರವೂ ಈ ವಾದಕರಿಗೆ ಪ್ರಿಯವಾದವು. ಟ್ವಿನ್ ರಿವರ್ಬಿನ ತೂಕ ಸುಮಾರು ೨೯ ಕಿಲೋಗ್ರಾಂ. ಜೋಡಿ ಕಂಠದ ವಾದ್ಯವು ಪೆಟ್ಟಿಗೆಸಹಿತ ೩೦ ಕಿಲೋಗ್ರಾಮಿನ ಆಸುಪಾಸು. ಅರವತ್ತು ದಾಟಿದ ವಾದಕನು ರಾತ್ರಿಯ ಕಚೇರಿ ಮುಗಿಸಿ ಇವೆರಡನ್ನೂ ಹೊತ್ತು ವಾಹನಕ್ಕೇರಿಸಬೇಕು. ಸೊಂಟದ ನೋವಿಗಾಗಿ ವಾದ್ಯವನ್ನೇ ಬಿಡುವುದೋ, ಧ್ವನಿವರ್ಧಕವನ್ನು ಬಿಡುವುದೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮಾಡೆಲರ್ ಎಂಬುದು ಧ್ವನಿವರ್ಧಕವನ್ನು ಲೆಕ್ಕದಲ್ಲಿ ಅನುಕರಿಸುವ ಯಂತ್ರ. ತಂತಿಯಿಂದ ಬಂದ ವಿದ್ಯುತ್ತಿನ ಏರಿಳಿತವನ್ನು ಅದು ಸೆಕೆಂಡಿಗೆ ೪೮,೦೦೦ ಸಲವೋ ಅದಕ್ಕಿಂತ ಹೆಚ್ಚಾಗಿಯೋ ಅಳೆದು, ಅಂಕಿಗಳಾಗಿ ಮಾಡಿಕೊಂಡು, ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರುಗಳು ಅದನ್ನು ಹೇಗೆ ಮಾರ್ಪಡಿಸುತ್ತಿದ್ದವೋ ಹಾಗೆ ಗಣಿತದಿಂದ ಮಾರ್ಪಡಿಸುವುದು. ೧೯೯೮ರಲ್ಲಿ ಬಂದ ಲೈನ್ ೬ ಕಂಪನಿಯ ಪಾಡ್ ಇದನ್ನು ಜನಸಾಮಾನ್ಯರ ಕೈಗೆಟುಕಿಸಿತು. ೨೦೦೬ರ ಆಕ್ಸ್ ಎಫ್‌ಎಕ್ಸ್, ೨೦೧೧ರ ಕೆಂಪರ್, ೨೦೧೫ರ ಹೀಲಿಕ್ಸ್ ಅನುಕರಣೆಯನ್ನು ಇನ್ನಷ್ಟು ನಿಕಟಗೊಳಿಸಿದವು. ೨೦೧೯ರಲ್ಲಿ ಸ್ವತಃ ಫೆಂಡರ್ ಕಂಪನಿಯೇ ತನ್ನ ಟ್ವಿನ್ ರಿವರ್ಬನ್ನು ಡಿಜಿಟಲ್ ರೂಪದಲ್ಲಿ ಹೊರತಂದಿತು. ಹೊರನೋಟ ಹಳೆಯದೇ, ತೂಕ ಸುಮಾರು ೧೫ ಕಿಲೋಗ್ರಾಂ.

ಹಾಗಿದ್ದರೆ ದೂರೇಕೆ? ಹೊಸ ಯಂತ್ರವನ್ನು ತಂದು, ಕಾರ್ಖಾನೆಯವರು ಅಣಿಗೊಳಿಸಿಟ್ಟ ದನಿಗಳನ್ನು ಒಂದೊಂದಾಗಿ ಕೇಳಿದ ಸ್ಟೀಲ್ ವಾದಕನು ಬೇಸರದಿಂದ ಅದನ್ನು ಮೂಲೆಗಿಡುವುದುಂಟು. ತಪ್ಪು ಯಂತ್ರದ್ದಲ್ಲವೆಂದೇ ನಮ್ಮ ಅಭಿಪ್ರಾಯ. ಆ ದನಿಗಳಲ್ಲಿ ಹೆಚ್ಚಿನವು ಸಾಮಾನ್ಯ ಗಿಟಾರಿಗಾಗಿ ಮಾಡಿದವು. ಸಾಮಾನ್ಯ ಗಿಟಾರಿನವನಿಗೆ ಕರ್ಕಶತೆಯೇ ಒಂದು ಅಲಂಕಾರ. ಸ್ಟೀಲ್ ವಾದಕನಿಗೆ ಅದು ಹಾಲಿನಲ್ಲಿ ಬಿದ್ದ ಹುಳಿ.

ಏಕೆಂಬುದನ್ನು ಲೆಕ್ಕದಿಂದ ನೋಡೋಣ. ವಾಲ್ವು ತನ್ನ ಮಿತಿ ಮೀರಿ ದುಡಿದಾಗ ನಾದದ ಅಲೆಯ ತಲೆ ಚಪ್ಪಟೆಯಾಗುವುದು. ಒಂದೇ ಸ್ವರವಿದ್ದರೆ ಅದರ ಇಮ್ಮಡಿ ಮುಮ್ಮಡಿ ಕಂಪನದ ಸ್ವರಗಳು ಸೇರಿಕೊಳ್ಳುವುವಷ್ಟೇ. ಕಿವಿಗೆ ಹಿತವೂ ಆಗಬಹುದು. ಎರಡು ಸ್ವರಗಳು ಕೂಡಿ ಬಂದರೆ ಅವುಗಳ ಕಂಪನಸಂಖ್ಯೆಗಳ ಮೊತ್ತಕ್ಕೂ ವ್ಯತ್ಯಾಸಕ್ಕೂ ಸಮನಾದ ಸ್ವರಗಳೇ ಮುಂತಾಗಿ, ಯಾರೂ ಮೀಟದ ಸ್ವರಗಳು ಹುಟ್ಟಿಕೊಳ್ಳುವುವು. ನ್ಯಾಷ್‌ವಿಲ್ಲಿನ ಇ-ನೈನ್ತ್ ಶ್ರುತಿಯಲ್ಲಿ ನಾಲ್ಕನೆಯ ತಂತಿಯ ಕಂಪನ ಸೆಕೆಂಡಿಗೆ ೩೩೦, ಐದನೆಯದು ೨೪೭, ವ್ಯತ್ಯಾಸ ೮೩. ಮೊದಲನೆಯ ಪೆಡಲನ್ನೊತ್ತಿದರೆ ಐದನೆಯ ತಂತಿ ಮೆಲ್ಲಮೆಲ್ಲನೆ ೨೭೭ಕ್ಕೆ ಏರುವುದು, ನಾಲ್ಕನೆಯದು ಕದಲುವುದಿಲ್ಲ. ಈಗ ವ್ಯತ್ಯಾಸ ೫೩. ಎಂದರೆ ವಾದಕನ ಸ್ವರ ಮೇಲೇರುತ್ತಿರುವಾಗಲೇ ಕಳ್ಳಸ್ವರವೊಂದು ಕೆಳಗಿಳಿಯುತ್ತಿರುವುದು. ಮೂರನೆಯ ತಂತಿಯೂ ಕೂಡಿ ಎರಡು ಪೆಡಲುಗಳು ಒಟ್ಟಿಗೆ ಚಲಿಸಿದರಂತೂ ಇಂತಹ ಕಳ್ಳಸ್ವರಗಳ ಸಂತೆಯೇ ನೆರೆಯುವುದು. ಆದುದರಿಂದ ಈ ವಾದಕನು ಆರಿಸಬೇಕಾದುದು ಅತ್ಯಂತ ಶುದ್ಧವಾದ ಮಾದರಿಯನ್ನು. ಟ್ವಿನ್ ರಿವರ್ಬಿನ ಮಾದರಿಯು ಬಹುಪಾಲು ಎಲ್ಲ ಯಂತ್ರಗಳಲ್ಲಿಯೂ ಇದೆ. ಅದರ ಗೇನ್ ತಿರುಗಣೆಯನ್ನು ತಗ್ಗಿಸಿ, ೮೦೦ ಕಂಪನಗಳ ಆಸುಪಾಸಿನ ಮಧ್ಯನಾದವನ್ನು ಸ್ವಲ್ಪ ಇಳಿಸಿದರೆ ಮೂಗಿನಿಂದ ಹಾಡಿದಂತಹ ದನಿ ಹೋಗಿ ತಿಳಿಯಾಗುವುದು.

ಮುಂದಿನದು ಬಲಗಾಲಿನ ವಿಷಯ. ತಂತಿಯನ್ನು ಮೀಟಿದೊಡನೆ ನಾದ ಕ್ಷೀಣಿಸತೊಡಗುವುದಷ್ಟೆ? ವಾದಕನು ಮೀಟುವಾಗ ವಾಲ್ಯೂಮ್ ಪೆಡಲನ್ನು ಅರ್ಧದಲ್ಲಿಟ್ಟು, ನಾದವು ಇಳಿದಂತೆಲ್ಲ ಪೆಡಲನ್ನೊತ್ತುತ್ತ ಹೋಗುವನು. ಸ್ವರವು ಪಿಟೀಲಿನಂತೆ ನೀಳವಾಗಿ ನಿಲ್ಲುವುದು. ಮಾಡೆಲರಿನ ಸಿದ್ಧದನಿಗಳಲ್ಲಿ ಅನೇಕಕ್ಕೆ ನಾಯ್ಸ್ ಗೇಟ್ ಎಂಬ ಕಾವಲುಗಾರನಿರುವನು. ನಾದವು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದನ್ನು ಬರಿಯ ಗುಸುಗುಸು ಎಂದು ಬಗೆದು ಬಾಗಿಲು ಮುಚ್ಚುವುದು ಅವನ ಕೆಲಸ. ಸ್ಟೀಲ್ ವಾದಕನ ನೀಳ ಸ್ವರದ ಕೊನೆಯ ಎಳೆ, ಎಂದರೆ ಈ ವಾದ್ಯದ ಪ್ರಾಣ, ಅಲ್ಲಿಯೇ ತುಂಡಾಗುವುದು. ಈ ಕಾವಲುಗಾರನನ್ನು ಮೊದಲ ದಿನವೇ ಕೆಲಸದಿಂದ ತೆಗೆಯತಕ್ಕದ್ದು. ನಾದವನ್ನು ಸಮಮಟ್ಟಕ್ಕೊತ್ತುವ ಕಂಪ್ರೆಸರನ್ನೂ ಮಿತವಾಗಿಡಬೇಕು. ಕಾಲು ಮಾಡುವ ಕೆಲಸವನ್ನು ಯಂತ್ರವೂ ಮಾಡಹೊರಟರೆ ಇಬ್ಬರಿಗೂ ಕೆಡುಕು.

ಯಂತ್ರದ ಪ್ರವೇಶದ್ವಾರದಲ್ಲಿಯೂ ಎಚ್ಚರ ಬೇಕು. ಸ್ಟೀಲ್ ಗಿಟಾರಿನ ಪಿಕಪ್ಪಿಗೆ ತಂತಿಯ ಸುತ್ತು ಹೆಚ್ಚು, ಬೆರಳಿಗೆ ಲೋಹದ ನಖಗಳು. ಆದುದರಿಂದ ಬರುವ ವಿದ್ಯುತ್ತೂ ಪ್ರಬಲ. ವಾಲ್ವು ಮಿತಿ ಮೀರಿದರೆ ಮೆಲ್ಲನೆ ಬಾಗುವುದು. ಅಂಕಿಗಳಿಗೆ ಬಾಗುವುದು ಗೊತ್ತಿಲ್ಲ, ಪಟ್ಟನೆ ಕತ್ತರಿಸುವುವು. ಪೆಡಲನ್ನು ಪೂರ್ತಿ ಒತ್ತಿ, ಮೂರು ತಂತಿಗಳನ್ನು ಬಲವಾಗಿ ಮೀಟಿ, ಕೆಂಪುದೀಪ ಹತ್ತದಂತೆ ಒಳಬರುವ ಮಟ್ಟವನ್ನು ನಿಗದಿಮಾಡಬೇಕು. ಇನ್ನು ಪಿಕಪ್ಪಿನ ಮೇಲೆ ಬೀಳುವ ಹೊರೆ. ಹಳೆಯ ಧ್ವನಿವರ್ಧಕಗಳ ಪ್ರವೇಶರೋಧ ಸುಮಾರು ಹತ್ತು ಲಕ್ಷ ಓಮ್. ಅದಕ್ಕಿಂತ ಬಹಳ ಕಡಮೆಯಾದರೆ ತಾರಸ್ವರಗಳ ಹೊಳಪು ಮಾಸುವುದು. ಕೆಲವು ಯಂತ್ರಗಳಲ್ಲಿ ಇದನ್ನು ಆರಿಸಿಕೊಳ್ಳಲು ಅವಕಾಶವುಂಟು.

ಯಂತ್ರವು ತಡಮಾಡುವುದೆಂಬ ದೂರಿನಲ್ಲಿ ಹೆಚ್ಚು ಹುರುಳಿಲ್ಲ. ತಡವು ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದವು ಒಂದು ಮೀಟರು ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು.

ಸ್ಪೀಕರಿನ ಸಂಗತಿ ಹಾಗಲ್ಲ. ಖಾಲಿ ಸಭಾಂಗಣದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಸಭಾಂಗಣದ ಗುಣವೆಲ್ಲ ಪ್ರತಿಧ್ವನಿಯಲ್ಲಿ ತಿಳಿಯುವಂತೆ, ಸ್ಪೀಕರಿಗೊಂದು ಕ್ಷಣಿಕ ನಾದವನ್ನು ಕೊಟ್ಟು, ಅದು ಮರುನುಡಿದುದನ್ನು ಮೈಕಿನಿಂದ ಹಿಡಿದು ಪಡಿಯಚ್ಚು ಮಾಡುವರು. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಎಂದು ಹೆಸರು. ಯಂತ್ರಗಳಲ್ಲಿರುವ ಪಡಿಯಚ್ಚುಗಳು ಹೆಚ್ಚಾಗಿ ೧೨ ಅಂಗುಲದ ಗಿಟಾರ್ ಸ್ಪೀಕರುಗಳವು. ಸ್ಟೀಲ್ ವಾದಕನ ಕಿವಿ ಬಯಸುವ ತುಂಬುದನಿ ೧೫ ಅಂಗುಲದ್ದು. ಅಂತಹ ಪಡಿಯಚ್ಚನ್ನು ಹುಡುಕಿ ಹಾಕಿಕೊಂಡರೆ ಅರ್ಧ ದೂರು ಅಲ್ಲಿಗೇ ನಿಲ್ಲುವುದು. ಉಳಿದರ್ಧಕ್ಕೆ ಪರಿಹಾರವಿಲ್ಲ. ಪಡಿಯಚ್ಚು ಕೊಡುವುದು ಸ್ಪೀಕರಿನ ಮುಂದೆ ಮೈಕಿಗೆ ಕೇಳಿಸಿದ ದನಿಯನ್ನೇ ಹೊರತು, ಬೆನ್ನಹಿಂದೆ ಧ್ವನಿವರ್ಧಕವನ್ನಿಟ್ಟುಕೊಂಡು ಕುಳಿತವನಿಗೆ ಕೇಳಿಸಿದ ದನಿಯನ್ನಲ್ಲ. ನಲವತ್ತು ವರ್ಷ ಹಾಗೆ ಕುಳಿತವನಿಗೆ ಏನೋ ಕಳೆದಂತಾಗುವುದು ಸಹಜ, ಅವನನ್ನು ಹಟಮಾರಿಯೆನ್ನಲಾಗದು. ಎದುರಿಗೆ ಕುಳಿತ ಶ್ರೋತೃಗಳಾದರೋ, ದೊಡ್ಡ ಸಭೆಗಳಲ್ಲಿಯೂ ಧ್ವನಿಮುದ್ರಿಕೆಗಳಲ್ಲಿಯೂ ಮೈಕಿನ ದನಿಯನ್ನೇ ಎಂದಿನಿಂದಲೂ ಕೇಳುತ್ತ ಬಂದವರು.

ಇದಕ್ಕಾಗಿ ಕೆಲವರು ಮಧ್ಯದ ಹಾದಿ ಹಿಡಿದಿರುವರು. ಮಾಡೆಲರಿಗೆ ಹಗುರವಾದ ಶಕ್ತಿವರ್ಧಕವೊಂದನ್ನು ಸೇರಿಸಿ, ೧೫ ಅಂಗುಲದ ನಿಜವಾದ ಸ್ಪೀಕರನ್ನು ಎಂದಿನಂತೆ ಬೆನ್ನಹಿಂದೆ ಇಟ್ಟುಕೊಳ್ಳುವರು. ಹಾಗೆ ಮಾಡುವಾಗ ಆ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಪಡಿಯಚ್ಚನ್ನು ತೆಗೆದುಬಿಡಬೇಕು. ಸ್ಪೀಕರಿನ ಮೂಲಕ ಸ್ಪೀಕರಿನ ಅನುಕರಣೆಯನ್ನು ನುಡಿಸಿದರೆ ಕಂಬಳಿ ಹೊದಿಸಿದಂತಹ ದನಿ ಬರುವುದು. ಸಭೆಯ ಧ್ವನಿವ್ಯವಸ್ಥೆಗೆ ಹೋಗುವ ದಾರಿಯಲ್ಲಿ ಮಾತ್ರ ಅದು ಇರತಕ್ಕದ್ದು.