ಎಷ್ಟು ತಿಂದರೂ ಹಸಿವು: ನಮ್ಮ ಭೀಮನ ಹೊಟ್ಟೆಯ ಕಥೆ

ಮಹಾಭಾರತದ ಭೀಮನಿಗೆ ವೃಕೋದರ ಎಂಬ ಇನ್ನೊಂದು ಹೆಸರಿದೆ. ತೋಳದಂಥ ಹೊಟ್ಟೆಯುಳ್ಳವನು ಎಂದರ್ಥ. ನಾಲ್ಕು ವರ್ಷಗಳ ಹಿಂದೆ ಡುಲುತ್‌ನ ನಮ್ಮ ಮನೆಗೆ (ಮಿನ್ನೆಸೋಟಾದ ಡುಲುತ್ ಅಲ್ಲ, ಅಟ್ಲಾಂಟಾ ಪಕ್ಕದ ನಮ್ಮ ಗ್ವಿನೆಟ್ ಕೌಂಟಿಯ ಡುಲುತ್) ಒಂದು ವರ್ಷದ ಜರ್ಮನ್ ಶೆಫರ್ಡ್ ನಾಯಿ ಬಂತು. ಬಂದ ದಿನವೇ ಅದು ಬಟ್ಟಲು ಖಾಲಿ ಮಾಡಿದ ವೇಗ ನೋಡಿ ಮಗಳು ಭೀಮ ಎಂದು ಹೆಸರಿಟ್ಟಳು. ಆ ಹೆಸರು ಇಷ್ಟು ನಿಜವಾಗುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಶುವೈದ್ಯನಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವನು. ಆದರೆ ನಮ್ಮ ಮನೆಯಲ್ಲೇ ಇದ್ದ ಒಂದು ತಪ್ಪು ಕಂಡುಹಿಡಿಯಲು ನನಗೆ ಐದು ತಿಂಗಳು ಬೇಕಾಯಿತು. ನಮ್ಮ ಕನ್ನಡ ಕುಟುಂಬಗಳಲ್ಲಿ ನಾಯಿ ಸಾಕುವವರು ಈಗ ಬಹಳ ಮಂದಿ ಇರುವುದರಿಂದ, ಆ ಐದು ತಿಂಗಳು ಬೇರೆ ಯಾರಿಗೂ ವ್ಯರ್ಥವಾಗದಿರಲಿ ಎಂದು ಈ ಲೇಖನ.

ತಿನ್ನುವುದು ಹೆಚ್ಚು, ತೂಕ ಕಡಿಮೆ

ಬಂದಾಗ ಭೀಮ 70 ಪೌಂಡ್, ಅಂದರೆ ಸುಮಾರು 32 ಕೆ.ಜಿ. ತೂಗುತ್ತಿದ್ದ. ಮೂರನೆಯ ತಿಂಗಳಿನಿಂದ ಇಳಿಯತೊಡಗಿದ. ಆಗಲೇ ಹಸಿವು ವಿಪರೀತವಾಯಿತು. ಕಸದ ಡಬ್ಬಿ ಉರುಳಿಸುತ್ತಿದ್ದ. ದೀಪಾವಳಿಗೆ ಕರಿದಿಟ್ಟ ಚಕ್ಕುಲಿಯ ಡಬ್ಬಿಯನ್ನು ಮುಚ್ಚಳ ಸಮೇತ ಅಗಿದ. ಕೊನೆಗೆ ತನ್ನ ಮಲವನ್ನೇ ತಿನ್ನತೊಡಗಿದ. ತಿಪಟೂರಿನಿಂದ ನಮ್ಮೊಡನೆ ಇರಲು ಬಂದಿದ್ದ ಅಮ್ಮ ಅದನ್ನು ನೋಡಿ "ಥೂ, ಹೇಸಿಗೆ ಮುಂಡೇದೇ" ಎಂದು ಬೈದರು. ನಾನು ಗದರಿಸಿ ಗ್ಯಾರೇಜಿನಲ್ಲಿ ಕಟ್ಟಿದೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೈದ ಅಮ್ಮನೇ ರಾತ್ರಿ ಅವನ ಎಲುಬು ನೋಡಿ ಮರುಗಿ, ನಮಗೆ ಗೊತ್ತಾಗದಂತೆ ಒಂದು ಬಟ್ಟಲು ಮೊಸರನ್ನ ಹೆಚ್ಚಿಗೆ ಹಾಕುತ್ತಿದ್ದರು. ಅವನು ಅದನ್ನೂ ತಿನ್ನುತ್ತಿದ್ದ, ಮರುದಿನ ಇನ್ನಷ್ಟು ಸೊರಗುತ್ತಿದ್ದ. ದಿನಕ್ಕೆ ಆರೇಳು ಸಲ, ರಾಶಿ ರಾಶಿ, ಮಾಸಲು ಹಳದಿ ಬಣ್ಣದ, ಜಿಡ್ಡುಜಿಡ್ಡಾದ ಮಲ. ಹೊಟ್ಟೆಯಲ್ಲಿ ಗುಡುಗುಡು ಸದ್ದು. ಮೊದಲು ನೋಡಿದ ವೈದ್ಯರು ಜಂತುಹುಳುವಿಗೆ ಔಷಧಿ ಕೊಟ್ಟರು, ಆಮೇಲೆ ಭೇದಿಗೆ ಕೊಟ್ಟರು, ಊಟದ ಬ್ರಾಂಡ್ ಬದಲಿಸಲು ಹೇಳಿದರು. ತೂಕ 52 ಪೌಂಡಿಗೆ ಇಳಿಯಿತು. ಪಾರ್ಕಿನಲ್ಲಿ ಅಪರಿಚಿತ ಹೆಂಗಸೊಬ್ಬರು ನನ್ನನ್ನು ತಡೆದು, ಈ ನಾಯಿಗೆ ಊಟ ಹಾಕುತ್ತೀರಾ ಎಂದು ಕೇಳಿಯೇಬಿಟ್ಟರು. ಮನೆಗೆ ಬಂದು ಯಾರೊಡನೆಯೂ ಮಾತಾಡಲಿಲ್ಲ.

ಎರಡನೆಯ ವೈದ್ಯೆ ಭೀಮನ ಮಲದ ಫೋಟೋ ನೋಡಿ, ಬೆನ್ನೆಲುಬು ಸವರಿ, ಒಂದೇ ಪ್ರಶ್ನೆ ಕೇಳಿದರು: "ಹಸಿವು ಹೇಗಿದೆ?" ನಾನು ಹೇಳುತ್ತಿದ್ದಂತೆಯೇ ರಕ್ತ ಪರೀಕ್ಷೆಗೆ ಬರೆದರು.

ಅಕ್ಕಿ ಇದೆ, ಒಲೆ ಉರಿಯುತ್ತಿಲ್ಲ

ಭೀಮನಿಗೆ ಇದ್ದದ್ದು ಎಕ್ಸೋಕ್ರೈನ್ ಪ್ಯಾಂಕ್ರಿಯಾಟಿಕ್ ಇನ್‌ಸಫಿಷಿಯೆನ್ಸಿ, ಚಿಕ್ಕದಾಗಿ ಇ.ಪಿ.ಐ. ಹೆಸರು ಉದ್ದ, ವಿಷಯ ಸರಳ. ಜಠರದ ಪಕ್ಕದಲ್ಲಿ ಮೇದೋಜೀರಕ ಗ್ರಂಥಿ ಇದೆ. ಅದಕ್ಕೆ ಎರಡು ಕೆಲಸ. ರಕ್ತಕ್ಕೆ ಇನ್ಸುಲಿನ್ ಕೊಡುವುದು ಒಂದು. ಕರುಳಿಗೆ ಜೀರ್ಣಕಾರಿ ಕಿಣ್ವಗಳನ್ನು ಸುರಿಸುವುದು ಇನ್ನೊಂದು. ಲೈಪೇಸ್ ಕೊಬ್ಬನ್ನು, ಅಮೈಲೇಸ್ ಪಿಷ್ಟವನ್ನು, ಟ್ರಿಪ್ಸಿನ್ ಮತ್ತು ಅದರ ಜೊತೆಯವು ಪ್ರೋಟೀನನ್ನು ಒಡೆಯುತ್ತವೆ. ಒಡೆಯದಿದ್ದರೆ ಕರುಳು ಅವುಗಳನ್ನು ಹೀರಲಾರದು. ಇ.ಪಿ.ಐ. ಬಂದ ನಾಯಿಯಲ್ಲಿ ಈ ಎರಡನೆಯ ಕೆಲಸ ಮಾಡುವ ಜೀವಕೋಶಗಳು ನಾಶವಾಗಿರುತ್ತವೆ. ಮನೆಯಲ್ಲಿ ಅಕ್ಕಿ ಮೂಟೆ ಇದೆ, ಒಲೆ ಮಾತ್ರ ಉರಿಯುತ್ತಿಲ್ಲ ಎಂದ ಹಾಗೆ. ಹೊಟ್ಟೆ ತುಂಬ ತಿಂದರೂ ದೇಹಕ್ಕೆ ಉಪವಾಸ.

ಈಗ ಎಲ್ಲವೂ ಅರ್ಥವಾಯಿತು. ಅವನು ಕದ್ದದ್ದು ಹಸಿವಿಗೆ. ಜೀರ್ಣವಾಗದ ಅನ್ನ ಮಲದಲ್ಲಿ ಹಾಗೆಯೇ ಇದ್ದುದರಿಂದ ಅದನ್ನೂ ತಿಂದ. ಅದು ದುರ್ಬುದ್ಧಿಯಾಗಿರಲಿಲ್ಲ, ರೋಗ ಲಕ್ಷಣವಾಗಿತ್ತು.

ಈ ಗ್ರಂಥಿಗೆ ಎಷ್ಟು ಶಕ್ತಿಯಿದೆಯೆಂದರೆ, ಅದರ ಶೇಕಡಾ 90ರಷ್ಟು ಸಾಮರ್ಥ್ಯ ಹೋಗುವವರೆಗೂ ಹೊರಗೆ ಏನೂ ಕಾಣುವುದಿಲ್ಲ. ಜರ್ಮನ್ ಶೆಫರ್ಡ್ ಮತ್ತು ರಫ್ ಕೋಲಿ ತಳಿಗಳಲ್ಲಿ ಇದು ಹೆಚ್ಚು, ಅದೂ ಎಳೆಯ ವಯಸ್ಸಿನಲ್ಲೇ. ವಂಶದಲ್ಲಿ ಹರಿದು ಬರುವುದರಿಂದ ಇಂಥ ನಾಯಿಗಳಿಂದ ಮರಿ ಮಾಡಿಸಬಾರದು. ಬೇರೆ ತಳಿಗಳಲ್ಲಿ, ಗ್ರಂಥಿಯ ಉರಿಯೂತ ಬಹುಕಾಲ ಇದ್ದರೂ ಬರಬಹುದು.

ಪತ್ತೆ ಹಚ್ಚಲು ಒಂದೇ ರಕ್ತ ಪರೀಕ್ಷೆ ಸಾಕು: ಟಿ.ಎಲ್.ಐ. ರಾತ್ರಿಯಿಡೀ ಉಪವಾಸವಿಟ್ಟು ರಕ್ತ ತೆಗೆಯುತ್ತಾರೆ. ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದ ಗ್ಯಾಸ್ಟ್ರೋಇಂಟೆಸ್ಟಿನಲ್ ಲ್ಯಾಬೊರೇಟರಿ ಈ ಪರೀಕ್ಷೆಗೆ ಹೆಸರುವಾಸಿ. ಲೀಟರಿಗೆ 2.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಇ.ಪಿ.ಐ. ಎಂದು ತೀರ್ಮಾನ. ಭೀಮನದು 1ಕ್ಕಿಂತ ಕಡಿಮೆ ಬಂತು. ಅದೇ ರಕ್ತದಲ್ಲಿ ಬಿ12 ವಿಟಮಿನ್ ಕೂಡ ಅಳೆಯಬೇಕು, ಇ.ಪಿ.ಐ. ನಾಯಿಗಳಲ್ಲಿ ಹೆಚ್ಚಿನವುಗಳಿಗೆ ಅದರ ಕೊರತೆ ಇರುತ್ತದೆ. ಕೊರತೆ ತುಂಬದಿದ್ದರೆ ಉಳಿದ ಚಿಕಿತ್ಸೆಯೂ ಸರಿಯಾಗಿ ಹತ್ತುವುದಿಲ್ಲ.

ಅಮ್ಮನ ಅಡುಗೆಮನೆ ಮತ್ತು ಆ ಪುಡಿ

ಚಿಕಿತ್ಸೆಯೆಂದರೆ ಪ್ರತಿ ಊಟದಲ್ಲೂ ಕಿಣ್ವದ ಪುಡಿ ಬೆರೆಸಿ ಕೊಡುವುದು, ಜೀವನಪರ್ಯಂತ. ಆ ಪುಡಿ ತಯಾರಾಗುವುದು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಸಸ್ಯಮೂಲದ ಕಿಣ್ವಗಳಿವೆ, ಆದರೆ ಅವು ಇಷ್ಟು ಕೆಲಸ ಮಾಡುವುದಿಲ್ಲ. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಡಬ್ಬಿಯ ಮೇಲಿನ ಬರಹವನ್ನು ಮಗಳು ಓದಿ ಹೇಳಿದಾಗ ಅಮ್ಮ ಎದ್ದು ದೇವರ ಕೋಣೆಗೆ ಹೋದರು. "ನಾಯಿ ಬದುಕಬೇಕು, ಸರಿ. ಆದರೆ ಅದು ಈ ಅಡುಗೆಮನೆಗೆ ಬರಕೂಡದು" ಎಂದರು.

ನಾನು ವಾದ ಮಾಡಲಿಲ್ಲ. ಅಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಂದು ರಾತ್ರಿ ಇನ್ಸುಲಿನ್ ಬಂದ ಕಥೆ ಹೇಳಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ನಾಯಿಯೊಂದರ ಇದೇ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ರೋಗದ ಮೂಲ ತಿಳಿದದ್ದು ಹಾಗೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದೂ ನಾಯಿಗಳ ಮೇಲೆ ಪ್ರಯೋಗ ಮಾಡಿಯೇ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಆಮೇಲೆ ದಶಕಗಳ ಕಾಲ ಜಗತ್ತಿನ ಇನ್ಸುಲಿನ್ ಬಂದದ್ದು ದನ ಮತ್ತು ಹಂದಿಯ ಗ್ರಂಥಿಗಳಿಂದ. ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1982ರಲ್ಲಿ.

ಅಮ್ಮ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಲಾಂಡ್ರಿ ರೂಮಿನ ಶೆಲ್ಫಿನಲ್ಲಿ ಪುಡಿಯ ಡಬ್ಬಿ, ಒಂದು ಸ್ಟೀಲ್ ಬಟ್ಟಲು, ಕೆಂಪು ದಾರ ಕಟ್ಟಿದ ಒಂದು ಚಮಚ. "ಈ ಚಮಚಾನ ಒಳಗಿನ ಚಮಚದ ಜೊತೆ ಸೇರಿಸಬೇಡ ಕಣೋ. ನೀನು ಆಫೀಸ್ ಫೋನ್‌ನಲ್ಲಿ ಕೂತು ಹೊತ್ತು ಮರೀತೀಯ. ಅವನಿಗೆ ನಾನೇ ಕಲಸಿ ಹಾಕ್ತೀನಿ" ಎಂದರು. ಅಂದಿನಿಂದ ಕಲಸುವ ಕೈ ಅಮ್ಮನದೇ.

ನಾವು ಕಲಿತದ್ದು

ಪುಡಿಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಾಮಾನ್ಯವಾಗಿ 10 ಕೆ.ಜಿ. ತೂಕಕ್ಕೆ, ಒಂದು ಊಟಕ್ಕೆ, ಒಂದು ಟೀ ಚಮಚದಿಂದ ಆರಂಭಿಸಿ, ನಾಯಿ ಚೇತರಿಸಿಕೊಂಡ ಮೇಲೆ ನಿಧಾನವಾಗಿ ಇಳಿಸುತ್ತಾರೆ. ದಿನಕ್ಕೆ ಒಂದು ದೊಡ್ಡ ಊಟದ ಬದಲು ಎರಡು ಮೂರು ಸಣ್ಣ ಊಟ ಒಳ್ಳೆಯದು. ಹೊರಗೆ ಲೇಪನವಿರುವ ಮಾತ್ರೆಗಿಂತ ಪುಡಿಯೇ ಉತ್ತಮ.

ಬಿಸಿ ಊಟಕ್ಕೆ ಪುಡಿ ಹಾಕಬಾರದು. ಕಾವಿಗೆ ಕಿಣ್ವ ಸಾಯುತ್ತದೆ. ಊಟವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಪುಡಿ ಬೆರೆಸಿ, ಪ್ರತಿ ತುತ್ತಿಗೂ ಹತ್ತುವಂತೆ ಕಲಸಬೇಕು. ಅಮ್ಮ ಇದನ್ನು ಬಿಸಿಹಾಲಿಗೆ ಹೆಪ್ಪು ಹಾಕಬಾರದು ಎನ್ನುವುದಕ್ಕೆ ಹೋಲಿಸುತ್ತಾರೆ, ಹೋಲಿಕೆ ಸರಿಯಾಗಿಯೇ ಇದೆ. ಒಣ ಪುಡಿ ಬಾಯಿಗೆ ಅಂಟಿದರೆ ಹುಣ್ಣಾಗಿ ರಕ್ತ ಬರಬಹುದು. ಹಾಗಾದರೆ ವೈದ್ಯರಿಗೆ ಹೇಳಿ ಪ್ರಮಾಣ ಇಳಿಸಬೇಕು. ಕಲಸುವಾಗ ಪುಡಿ ಹಾರಿ ನಮ್ಮ ಮೂಗಿಗೂ ಹೋಗಬಾರದು, ಉಬ್ಬಸ ಇರುವವರು ವಿಶೇಷವಾಗಿ ಎಚ್ಚರವಾಗಿರಬೇಕು.

ಬಿ12 ಇಂಜೆಕ್ಷನ್ ಭೀಮನಿಗೆ ವಾರಕ್ಕೊಂದರಂತೆ ಆರು ವಾರ, ಆಮೇಲೆ ತಿಂಗಳಿಗೆ ಒಂದು ಕೊಟ್ಟು ಮತ್ತೆ ಅಳೆದರು. ಈಗ ಕೆಲವು ವೈದ್ಯರು ಮಾತ್ರೆಯ ರೂಪದಲ್ಲೂ ಕೊಡುತ್ತಾರೆ. ನಾರಿನ ಅಂಶ ಅತಿಯಾಗಿರುವ ಆಹಾರ ಬೇಡ, ಅದು ಕಿಣ್ವದ ಕೆಲಸಕ್ಕೆ ಅಡ್ಡಿ.

ಎಲ್ಲಕ್ಕಿಂತ ಕಷ್ಟದ ನಿಯಮ ಒಂದಿದೆ: ಪುಡಿಯಿಲ್ಲದ ತುತ್ತು ಕೂಡದು. ಒಂದು ಬಿಸ್ಕತ್ತು, ಒಂದು ಚೂರು ಚಪಾತಿ ಸಹ ಹೊಟ್ಟೆ ಕೆಡಿಸಬಹುದು. ಮನೆಗೆ ಬಂದ ಅತಿಥಿಗಳಿಗೆ ಇದನ್ನು ಹೇಳುವುದು ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಮಗಳು ಬರೆದ ಚೀಟಿ ಬಾಗಿಲಲ್ಲೇ ಇದೆ: "ನನ್ನ ಮುಖ ನೋಡಿ ಮರುಳಾಗಬೇಡಿ, ನನ್ನ ಊಟ ಆಗಿದೆ. ಇಂತಿ, ಭೀಮ."

ನಮ್ಮ ಅಡುಗೆ, ಅವರ ಹೊಟ್ಟೆ

ರೋಗವಿರಲಿ ಇಲ್ಲದಿರಲಿ, ನಾಯಿ ಇರುವ ಕನ್ನಡ ಮನೆಗಳು ತಿಳಿಯಬೇಕಾದ ಮಾತು ಇನ್ನೊಂದಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ; ಸಾರಿನ ಅನ್ನ, ಹಳೆಯ ಪಲ್ಯ ಹಾಕುವ ಮುನ್ನ ಯೋಚಿಸಿ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಪಾಯಸ, ಕೇಸರಿಬಾತ್ ಹಾಕಲೇಬೇಡಿ. ದ್ರಾಕ್ಷಿಯಲ್ಲಿನ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದು ಎನ್ನುತ್ತಾರೆ. ಹುಣಸೆಹಣ್ಣಿನಲ್ಲಿಯೂ ಅದೇ ಆಮ್ಲವಿದೆ. ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2022ರಲ್ಲಿ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿವೆ. ಆದ್ದರಿಂದ ಹುಳಿ, ಪುಳಿಯೋಗರೆ, ಗೊಜ್ಜು ನಮಗಿರಲಿ. ಚಾಕಲೇಟ್ ಮತ್ತು ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್ ಕೂಡ ಅಪಾಯಕರ.

ಎಲ್ಲ ಭೇದಿಯೂ ಇ.ಪಿ.ಐ. ಅಲ್ಲ

ಮೂರು ವಾರಕ್ಕಿಂತ ಹೆಚ್ಚು ಕಾಲ ಹೊಟ್ಟೆ ಕೆಟ್ಟಿದ್ದರೆ ಅದನ್ನು ದೀರ್ಘಕಾಲದ ಕಾಯಿಲೆ ಎಂದು ಎಣಿಸುತ್ತಾರೆ. ಕಾರಣಗಳು ಹಲವು: ಹುಳುಗಳು, ಜಿಯಾರ್ಡಿಯಾ, ಆಹಾರ ಒಗ್ಗದಿರುವುದು, ಕರುಳಿನ ಉರಿಯೂತ. ಬಹಳಷ್ಟು ನಾಯಿಗಳು ವೈದ್ಯರು ಹೇಳಿದ ವಿಶೇಷ ಆಹಾರವನ್ನೊಂದೇ ಕೆಲವು ವಾರ ಕಟ್ಟುನಿಟ್ಟಾಗಿ ತಿಂದರೆ ಸುಧಾರಿಸುತ್ತವೆ. ವೈದ್ಯರ ಬಳಿಗೆ ಹೋಗುವಾಗ ವಾರವಾರದ ತೂಕ, ಏನು ತಿಂದಿತು, ಮಲ ಎಷ್ಟು ಸಲ, ಹೇಗಿತ್ತು ಎಂದು ಬರೆದುಕೊಂಡು ಹೋಗಿ. ನಾಚಿಕೆಯಿಲ್ಲದೆ ಫೋಟೋ ತೆಗೆಯಿರಿ. ತಿಂದೂ ತೂಕ ಇಳಿಯುತ್ತಿದ್ದರೆ, ಟಿ.ಎಲ್.ಐ. ಪರೀಕ್ಷೆ ಮಾಡಿಸೋಣವೇ ಎಂದು ನೀವೇ ಕೇಳಿ. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಹತ್ತಿರದವರ ಕೈಯಲ್ಲಿ ಆಗದಿದ್ದರೆ ನಮ್ಮಂಥವರಿಗೆ ಆಥೆನ್ಸ್‌ನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಿದೆ.

ಖರ್ಚಿನ ಮಾತನ್ನೂ ಮುಚ್ಚಿಡುವುದಿಲ್ಲ. ಪುಡಿ ದುಬಾರಿ. ಖರ್ಚು ತಾಳಲಾಗದೆ ನಾಯಿಗೆ ದಯಾಮರಣ ಕೊಡಿಸುವವರೂ ಇದ್ದಾರೆ, ಅವರನ್ನು ನಾನು ದೂರಲಾರೆ. ವೈದ್ಯರ ಸಲಹೆಯಂತೆ ದನದ ಹಸಿ ಗ್ರಂಥಿಯನ್ನು ಫ್ರೀಜರಿನಲ್ಲಿಟ್ಟು ಕೊಡುವ ದಾರಿಯೂ ಇದೆ, ಅದು ಅಗ್ಗ. ಆದರೆ ಅಮ್ಮನಿಗೆ ಆ ವಿಷಯ ನಾನಿನ್ನೂ ಹೇಳಿಲ್ಲ!

ಪುಡಿ ಶುರುವಾದ ಐದನೆಯ ದಿನ ಭೀಮನ ಮಲ ಗಟ್ಟಿಯಾಯಿತು. ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಅಮ್ಮ ಫೋನ್ ಮಾಡಿ ಈ ಶುಭ ಸಮಾಚಾರ ತಿಳಿಸಿದರು. ನಾಲ್ಕು ತಿಂಗಳಲ್ಲಿ ಅವನು 68 ಪೌಂಡಿಗೆ ಬಂದ. ಕಳೆದ ವರ್ಷ ನಾವೆಲ್ಲ ಒಂದು ತಿಂಗಳು ಊರಿಗೆ ಹೋಗಬೇಕಾಯಿತು. ಇಲ್ಲಿನ ಮೂರು ಕನ್ನಡ ಕುಟುಂಬಗಳು ಸರದಿಯ ಮೇಲೆ ಭೀಮನನ್ನು ನೋಡಿಕೊಂಡವು. ಅವುಗಳಲ್ಲಿ ಎರಡು ಶುದ್ಧ ಸಸ್ಯಾಹಾರಿ ಮನೆಗಳು. ಅಮ್ಮ ಅವರಿಗೆ ಡಬ್ಬಿಯ ಜೊತೆ ಕೆಂಪು ದಾರದ ಚಮಚವನ್ನೂ ಕಳಿಸಿಕೊಟ್ಟರು. ಹಿಂತಿರುಗಿ ಬಂದು ತೂಗಿದಾಗ ಅವನು ಒಂದು ಪೌಂಡ್ ಹೆಚ್ಚಿದ್ದ.

ಈಗ ಭೀಮನಿಗೆ ಐದು ವರ್ಷ. ಇದನ್ನು ಬರೆಯುತ್ತಿರುವಾಗ ಸಂಜೆ ಆರು ಗಂಟೆ, ಲಾಂಡ್ರಿ ರೂಮಿನಲ್ಲಿ ಬಟ್ಟಲಿನ ಸದ್ದು ಕೇಳುತ್ತಿದೆ. ಅವನು ಬಾಗಿಲಲ್ಲಿ ಕೂತಿದ್ದಾನೆ, ಕಲಸುವುದು ಮುಗಿಯುವವರೆಗೆ ತಾಳ್ಮೆಯಿಂದ ಕಾಯುತ್ತಾನೆ. ನಿಮ್ಮ ಮನೆಯ ಮೂಕ ಜೀವ ಅತಿಯಾಗಿ ಕದ್ದು ತಿನ್ನುತ್ತಿದ್ದರೆ, ಗದರುವ ಮುನ್ನ ಒಮ್ಮೆ ಅದರ ಎಲುಬು ಮುಟ್ಟಿ ನೋಡಿ. ನಾನು ತಡವಾಗಿ ಮಾಡಿದೆ, ನೀವು ಬೇಗ ಮಾಡಿ.