ಪಾರ್ಸೆಲ್ ಬಂತು, ಖುಷಿ ಎಲ್ಲಿ ಹೋಯ್ತು?

ನಿಮ್ಮ ಬೀರು ತೆಗೆದು ನೋಡಿ.
ಬೆಲೆಚೀಟಿಯೂ ಕೀಳದ ಬಟ್ಟೆ ಎಷ್ಟಿವೆ?

ರಾತ್ರಿ ಹನ್ನೊಂದೂವರೆ.
ಆಫೀಸಲ್ಲಿ ಬೈಸಿಕೊಂಡ ಬೇಜಾರು.
ಕೈ ತಾನಾಗೇ ಮೊಬೈಲ್‌ಗೆ ಹೋಗುತ್ತೆ.
"ಇನ್ನು ಎರಡೇ ಉಳಿದಿವೆ" ಅನ್ನುತ್ತೆ ಆ್ಯಪ್.
ಒತ್ತಿಬಿಡ್ತೀರಿ.
ಮನಸ್ಸು ಹಗುರ!

ಮೂರು ದಿನಕ್ಕೆ ಪಾರ್ಸೆಲ್ ಬರುತ್ತೆ.
ಟೇಪ್ ಕತ್ತರಿಸ್ತೀರಿ, ನೋಡ್ತೀರಿ,
ಮಡಚಿ ಒಳಗಿಡ್ತೀರಿ.
ಅಷ್ಟೇ.

ಯಾಕೆ ಹೀಗೆ?

1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್
ಕೋತಿಗಳಿಗೆ ಮೊದಲು ದೀಪ ತೋರಿಸಿ,
ಆಮೇಲೆ ಹಣ್ಣಿನ ರಸ ಕೊಡ್ತಿದ್ರು.
ಅಭ್ಯಾಸವಾದ ಮೇಲೆ,
ಮೆದುಳಿನಲ್ಲಿ ಆಸೆಗೆ ಸಂಬಂಧಿಸಿದ ಡೋಪಮಿನ್ ಕೋಶಗಳು ಚುರುಕಾಗ್ತಿದ್ದದ್ದು
ರಸ ಸಿಕ್ಕಾಗ ಅಲ್ಲ.
ದೀಪ ಹೊತ್ತಿದಾಗ!

ಅಂದ್ರೆ, ಆಸೆಯಲ್ಲಿರೋ ಸಡಗರ ಕೈಗೆ ಸಿಕ್ಕಾಗ ಇರಲ್ಲ.
ಜಾತ್ರೆಯ ಬಲೂನಿನ ಹಾಗೆ.
ಕೊಳ್ಳೋವಾಗ ಆಕಾಶದಲ್ಲಿ,
ಬೆಳಗಾಗೋದ್ರೊಳಗೆ ಮಂಚದ ಕೆಳಗೆ.

ಆಮೇಲೆ ಇಎಂಐ ಮೆಸೇಜ್.
ಎದೆ ಧಸಕ್ ಅನ್ನುತ್ತೆ.
ಬಾಕ್ಸ್ ಬಚ್ಚಿಡ್ತೀರಿ.
"ಆಫರ್‌ನಲ್ಲಿ ಸಿಕ್ತು ಕಣಮ್ಮಾ" ಅಂತ ಸುಳ್ಳು.
ಆ ನಾಚಿಕೆಯಿಂದ ಮತ್ತೆ ಬೇಜಾರು.
ಬೇಜಾರಿಗೆ ಮತ್ತೆ ಮೊಬೈಲ್.

ಈ ಸುತ್ತು ಮುರೀಬಹುದು.
ಕಾರ್ಟ್‌ಗೆ ಹಾಕಿ, ಒಂದು ರಾತ್ರಿ ಬಿಡಿ.
ಆ್ಯಪ್‌ನಲ್ಲಿ ಉಳಿಸಿರೋ ಕಾರ್ಡ್ ನಂಬರ್ ಅಳಿಸಿ.
ಬೇಜಾರಾದಾಗ ಆಪ್ತರೊಬ್ಬರಿಗೆ ಫೋನ್ ಮಾಡಿ.

ಕೈಮೀರಿದೆ ಅನ್ನಿಸಿದ್ರೆ
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416.
ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಬೇಕಾಗಿದ್ದದ್ದು ಹೊಸ ಬಟ್ಟೆಯಲ್ಲ,
ಒಂದಿಷ್ಟು ನೆಮ್ಮದಿ.
ಅದು ಯಾವ ಬಾಕ್ಸಲ್ಲೂ ಬರಲ್ಲ.
ಇವತ್ತು ರಾತ್ರಿ ಒತ್ತೋ ಮೊದಲು,
ನನಗೆ ನಿಜವಾಗ್ಲೂ ಬೇಕಿರೋದು ಏನು ಅಂತ ಒಂದು ಸಲ ನಿಮ್ಮನ್ನೇ ಕೇಳ್ಕೊಳ್ಳಿ.