ಕೂದಲ ಹಗ್ಗ, ಕುಂಕುಮದ ದಾರ

ಲಾರಿಯ ಬಂಪರಿಗೆ ಸುತ್ತಿದ ಕಪ್ಪು ಹಗ್ಗವನ್ನು ನೀವು ನೋಡಿರುತ್ತೀರಿ. ದೃಷ್ಟಿ ತಾಗದಿರಲೆಂದು ಚಾಲಕರು ಕಟ್ಟುವ ಆ ಹಗ್ಗ ಮನುಷ್ಯರ ಕೂದಲಿನದು. ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡನೆಯದು ಹೀಗೆ ಹುರಿಗೊಳ್ಳುತ್ತದೆ. ಅಂಥ ಹಗ್ಗವನ್ನೇ ಸುಮಾರು ನಾಲ್ಕು ಕಿಲೋಮೀಟರಿನಷ್ಟು ಬಳಸಿ, ಅದರಿಂದ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಬಿಟ್ಟು, 2009ರ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ತೋರಿಸಿದವರು ಬೆಂಗಳೂರಿನ ಕಲಾವಿದೆ ಶೀಲಾ ಗೌಡ. ‘ಬಿಹೋಲ್ಡ್’ ಎಂಬ ಆ ಕೃತಿ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಕಲಿತದ್ದು ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆಯಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ. ಮೊದಲು ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುತ್ತಿದ್ದವರೇ. 1992ರ ಕೋಮುಗಲಭೆಗಳ ನಂತರ ಆ ಬಣ್ಣ ಸಾಲದೆನಿಸಿ ಸಗಣಿಯನ್ನು ಕೈಗೆತ್ತಿಕೊಂಡರು. ಅಂಗಳ ಸಾರಿಸುವ ಸಗಣಿ, ಬೆರಣಿಯಾಗಿ ಒಲೆ ಸೇರುವ ಸಗಣಿ, ಪೂಜೆಯಲ್ಲಿ ಬೆನಕನಾಗಿ ಕೂರುವ ಸಗಣಿ. ಇನ್ನೊಂದು ಕೃತಿಯಲ್ಲಿ ಸೂಜಿಗಳಿಗೆ ಮಾರುಗಟ್ಟಲೆ ದಾರ ಪೋಣಿಸಿ, ಅವನ್ನೆಲ್ಲ ಒಟ್ಟುಗೂಡಿಸಿ ಕುಂಕುಮ ಮತ್ತು ಗೋಂದಿನಲ್ಲಿ ಅದ್ದಿ ಕೆಂಪು ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋಲುತ್ತವೆ. ದೂರದಿಂದ ಅದು ಗಾಳಿಯಲ್ಲಿ ಎಳೆದ ರೇಖೆ. ಹತ್ತಿರ ಹೋದರೆ ಹೆಣ್ಣಿನ ದುಡಿಮೆ, ನೋವು, ರಕ್ತ ಎಲ್ಲ ಒಟ್ಟಿಗೇ ಎದುರಾಗುತ್ತವೆ. ರಸ್ತೆ ಕೆಲಸದವರ ಗುಡಿಸಲನ್ನು ನೆನಪಿಸುವ ‘ಡಾರ್ಕ್‌ರೂಮ್’ ಟಾರಿನ ಡ್ರಮ್ಮುಗಳಲ್ಲಿ ಕಟ್ಟಿದ್ದು. ಬಗ್ಗಿ ಒಳಗೆ ಹೊಕ್ಕರೆ ಚಾವಣಿಯ ತೂತುಗಳು ನಕ್ಷತ್ರಗಳಾಗಿ ಹೊಳೆಯುತ್ತವೆ.

‘ಈ ಹೊಸ ಕಲೆ ನಮಗೆ ಅರ್ಥವಾಗುವುದಿಲ್ಲ’ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಈ ವಸ್ತುಗಳ ಬಗ್ಗೆ ಟೇಟ್‌ನ ಪ್ರೇಕ್ಷಕರಿಗಿಂತ ನಿಮಗೇ ಹೆಚ್ಚು ಗೊತ್ತು. ಸಗಣಿಯ ವಾಸನೆಯನ್ನು, ಹಣೆಯ ಕುಂಕುಮದ ಭಾರವನ್ನು ಅವರು ಫಲಕ ಓದಿ ತಿಳಿಯಬೇಕು.

ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ ಬೇರೂ ಇಂಥ ದಿನನಿತ್ಯದ ಬದುಕಿನಲ್ಲೇ ಇದೆ. ಪಂಕ್ತಿಯಲ್ಲಿ ಕೂತ ಊಟದವರಂತೆ ಸಾಲುಸಾಲು ಪುಟ್ಟ ಮನುಷ್ಯರನ್ನು ಬರೆಯುವ ಅವರಿಗೆ 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಬಂತು. 2017ರಲ್ಲಿ ಟೋಕಿಯೊದ ಮೋರಿ ಮ್ಯೂಸಿಯಂ ಅವರ ದೊಡ್ಡ ಏಕವ್ಯಕ್ತಿ ಪ್ರದರ್ಶನ ನಡೆಸಿತು.

ಇಂಥವರನ್ನು ಕಾಣಲು ವೆನಿಸ್‌ಗೇ ಹೋಗಬೇಕಿಲ್ಲ. ಬೆಂಗಳೂರಿನಲ್ಲೇ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಯಿದೆ. ಅದನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆ ಬಂದಾಗ, 2016ರಲ್ಲಿ, ಕಲಾವಿದರು ಬೀದಿಗಿಳಿದು ವಿರೋಧಿಸಿದ್ದರು. ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ತಮ್ಮ ಮನೆಯನ್ನೇ ‘ಒನ್ ಶಾಂತಿರೋಡ್’ ಎಂಬ ಕಲಾತಾಣವಾಗಿ ತೆರೆದಿಟ್ಟಿದ್ದಾರೆ. ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಜನಸಾಗರವೇ ಸೇರುತ್ತದೆ. ಆದರೆ ಅದೇ ರಸ್ತೆಯ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಲ್ಲಿ ವರ್ಷವಿಡೀ ಪ್ರದರ್ಶನಗಳು ನಡೆಯುತ್ತಲೇ ಇರುತ್ತವೆ, ಎಷ್ಟೋ ಮಧ್ಯಾಹ್ನ ಅಲ್ಲಿ ಕಲಾವಿದರೊಬ್ಬರೇ ಅಭಿಪ್ರಾಯ ಪುಸ್ತಕದ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿರುತ್ತಾರೆ.

ಒಮ್ಮೆ ಹೋಗಿ. ಈ ವಸ್ತುವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಅವರನ್ನೇ ಕೇಳಿ.